ಮರೆವು ಮತ್ತು ಮಾತ್ರೆ

ಮಂಗಳೂರಿನ ಓದುಗ ಸಹೋದರಿಯೊಬ್ಬರು ಕಳೆದ ತಿಂಗಳು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತಿಗೆ ನಲ್ವತ್ತೆರಡು ವರ್ಷ. ಬಂದರಿನಲ್ಲಿ ವ್ಯಾಪಾರ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 178 ಇದೆಯೆಂದು ವೈದ್ಯರು ಮಾತ್ರೆ ಬರೆದು ಆರು ತಿಂಗಳಾಯಿತು. ಮೊನ್ನೆ ಕಾರನ್ನು ಗುಡಿಸುವಾಗ ಸೀಟಿನ ಅಡಿಯಲ್ಲಿ ಮೂರು ಪಟ್ಟಿ ಮಾತ್ರೆಗಳು ಮುಟ್ಟದ ಹಾಗೆಯೇ ಸಿಕ್ಕಿದವಂತೆ. ಅದೇ ಸಮಯಕ್ಕೆ, ತರಗತಿಯಲ್ಲಿ ಕೂತಲ್ಲಿ ಕೂರದ ಮಗನನ್ನು ಮನೋವೈದ್ಯರಿಗೆ ತೋರಿಸಲು ಹೋದಾಗ, ವೈದ್ಯರು ಮಗನಿಗೆ ಕೇಳಿದ ಪ್ರಶ್ನೆಗಳನ್ನು ತಂದೆಗೂ ಕೇಳಿದ್ದಾರೆ. ಇಬ್ಬರಿಗೂ ಎಡಿಎಚ್‌ಡಿ ಇದೆ ಎಂಬ ತೀರ್ಮಾನಕ್ಕೆ ಬಂದಿದ್ದಾರೆ. ಸಹೋದರಿಯ ಪ್ರಶ್ನೆ ಎರಡು. ಇದು ನಿಜವಾಗಿ ಕಾಯಿಲೆಯೇ ಅಥವಾ ಸೋಮಾರಿತನಕ್ಕೆ ಇಟ್ಟ ಹೊಸ ಹೆಸರೇ? ಎರಡಕ್ಕೂ ಮಾತ್ರೆ ತಿಂದರೆ ಹೃದಯಕ್ಕೆ ತೊಂದರೆಯಾಗುವುದಿಲ್ಲವೇ? ಪತಿಯ ತಂದೆ ಐವತ್ತೆರಡನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡವರು ಎಂಬುದನ್ನು ಪತ್ರದ ಕೊನೆಯಲ್ಲಿ, ಸಹಿ ಹಾಕಿದ ಮೇಲೆ ಬರೆದಿದ್ದಾರೆ. ಅದೇ ಮೊದಲು ಬರೆಯಬೇಕಾದ ವಿಷಯವಾಗಿತ್ತು.

ನಾನು ವೈದ್ಯನಲ್ಲ. ಮದ್ರಸದಲ್ಲಿ ಕಲಿಸುವವನು. ಔಷಧಿಯ ಪ್ರಮಾಣ ಹೇಳುವ ಕೆಲಸ ನನ್ನದಲ್ಲ. ಆದರೆ ಈ ಎರಡು ತೊಂದರೆಗಳು ಒಂದೇ ಮನೆಯಲ್ಲಿ, ಒಬ್ಬರೇ ಮನುಷ್ಯರಲ್ಲಿ ಸೇರಿದಾಗ ಏನಾಗುತ್ತದೆ ಎಂಬುದು ನಮ್ಮ ಅನೇಕ ಕುಟುಂಬಗಳಿಗೆ ತಿಳಿದಿರಬೇಕಾದ ವಿಷಯ. ಆದ್ದರಿಂದ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಎಡಿಎಚ್‌ಡಿ ಎಂದರೆ ಗಮನವನ್ನು ಒಂದೆಡೆ ನಿಲ್ಲಿಸಲಾಗದ, ಅತಿಯಾದ ಚಟುವಟಿಕೆ ಮತ್ತು ದುಡುಕಿನ ತೊಂದರೆ. ಹೊಸದಲ್ಲ. 1902ರಲ್ಲಿಯೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಎಂಬವರು ಇಂತಹ ಮಕ್ಕಳ ಬಗ್ಗೆ ಉಪನ್ಯಾಸ ನೀಡಿದ್ದರು. ಬುದ್ಧಿಗೆ ಕೊರತೆಯಿಲ್ಲ, ಆದರೆ ತಮ್ಮನ್ನು ತಾವು ತಡೆದುಕೊಳ್ಳಲಾರರು ಎಂಬುದು ಅವರು ಗಮನಿಸಿದ ಅಂಶ. ಬಹುಕಾಲ ಇದನ್ನು ಮಕ್ಕಳ ತೊಂದರೆಯೆಂದೇ ತಿಳಿಯಲಾಗಿತ್ತು. ದೊಡ್ಡವರಾದ ಮೇಲೆ ಎಲ್ಲರಲ್ಲೂ ಹೋಗುವುದಿಲ್ಲ ಎಂಬುದು ಈಗ ಖಚಿತವಾಗಿದೆ. ವಯಸ್ಕರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಉಳಿದಿರುತ್ತದೆ ಎಂಬುದು ಜಾಗತಿಕ ಅಂದಾಜು. ವಂಶದಲ್ಲಿ ಬರುವ ಗುಣ ಇದಕ್ಕೆ ಬಹಳ ಹೆಚ್ಚು. ಆದ್ದರಿಂದಲೇ ಮಗನ ಚಿಕಿತ್ಸೆಗೆ ಹೋದ ತಂದೆ ಅಥವಾ ತಾಯಿ ತಮ್ಮದೇ ಬಾಲ್ಯವನ್ನು ವೈದ್ಯರ ಮೇಜಿನ ಮೇಲೆ ಕಾಣುವುದು ಅಪರೂಪವೇನಲ್ಲ.

ಹಾಗೆಂದು ಬೀಗದ ಕೈ ಮರೆತವರೆಲ್ಲರಿಗೂ ಈ ಹೆಸರು ಅಂಟಿಸಬೇಡಿ. ಹನ್ನೆರಡು ವಯಸ್ಸಿಗಿಂತ ಮೊದಲೇ ಲಕ್ಷಣಗಳಿದ್ದಿರಬೇಕು. ಮನೆ, ಶಾಲೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಬದುಕಿಗೆ ತೊಡಕಾಗಿರಬೇಕು. ನಿದ್ದೆಗೇಡು, ಥೈರಾಯಿಡ್, ಖಿನ್ನತೆ ಇವೆಲ್ಲ ಇದೇ ವೇಷದಲ್ಲಿ ಬರಬಹುದು. ಅದನ್ನು ಬಿಡಿಸಿ ನೋಡುವವರು ಮನೋವೈದ್ಯರೇ ಹೊರತು ಮೊಬೈಲಿನಲ್ಲಿ ಬರುವ ಹತ್ತು ಪ್ರಶ್ನೆಗಳ ಪರೀಕ್ಷೆಯಲ್ಲ.

ಇನ್ನು ಕೊಲೆಸ್ಟರಾಲ್. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ 24 ಮಂದಿಯ ಕೊಲೆಸ್ಟರಾಲ್ ಹೆಚ್ಚಿತ್ತು. ಅದಕ್ಕೆ ನೋವಿಲ್ಲ, ಜ್ವರವಿಲ್ಲ, ತಲೆಸುತ್ತಿಲ್ಲ. ಮಧುಮೇಹಿಗೆ ಬಾಯಾರಿಕೆಯಾದರೂ ಆಗುತ್ತದೆ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ವರ್ಷಗಟ್ಟಲೆ ಕೂರುತ್ತಾ ಹೋಗುವಾಗ ಮನುಷ್ಯನಿಗೆ ಏನೂ ತಿಳಿಯುವುದಿಲ್ಲ.

ಈಗ ಎರಡನ್ನೂ ಜೊತೆಗಿಟ್ಟು ನೋಡಿ. ಎಡಿಎಚ್‌ಡಿ ಇರುವ ಮೆದುಳು ಕಣ್ಣೆದುರಿಗೆ ಇರುವುದಕ್ಕೆ, ಆಸಕ್ತಿ ಹುಟ್ಟಿಸುವುದಕ್ಕೆ, ಈ ಕ್ಷಣಕ್ಕೆ ತುರ್ತಾದುದಕ್ಕೆ ಓಗೊಡುತ್ತದೆ. ಹತ್ತು ವರ್ಷದ ನಂತರದ ಅಪಾಯ ಅದಕ್ಕೆ ಮಂಜಿನಾಚೆಯ ಬೆಟ್ಟ. ಕೊಲೆಸ್ಟರಾಲ್ ಆದರೋ ಹತ್ತು ವರ್ಷದ ನಂತರವೇ ಬಾಯಿ ಬಿಡುವ ಕಾಯಿಲೆ. ಪಟ್ಟಿ ಕಾರಿನಡಿಗೆ ಬಿದ್ದುದರಲ್ಲಿ ಆಶ್ಚರ್ಯವೇನಿದೆ? ಹಲ್ಲುನೋವಿನ ಮಾತ್ರೆಯಾಗಿದ್ದರೆ ಅವರು ರಾತ್ರಿ ಎರಡು ಗಂಟೆಗೆ ಎದ್ದಾದರೂ ಹುಡುಕುತ್ತಿದ್ದರು.

ಹೆದರಿಸಿ ಸರಿಪಡಿಸೋಣ ಎಂದು ಮನೆಯವರು ಯೋಚಿಸುತ್ತಾರೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ರಾಜ್ಯದಲ್ಲಿ ಜನ ಹೃದಯ ಪರೀಕ್ಷೆಗೆ ಸಾಲು ನಿಂತರು. 2025ರಲ್ಲಿ ಹಾಸನದಲ್ಲಿ ಯುವಕರ ಸಾವಿನ ಸುದ್ದಿಗಳು ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಅದೇ ದೃಶ್ಯ. ಸಾಮಾನ್ಯ ಮನುಷ್ಯನಿಗೇ ಭಯ ಹದಿನೈದು ದಿನ ಉಳಿದರೆ ಹೆಚ್ಚು. ಎಡಿಎಚ್‌ಡಿ ಇರುವವರಿಗೆ ಮುಂದಿನ ಫೋನ್ ಕರೆ ಬರುವವರೆಗೆ. ಭಯ ಮುಗಿದ ಮೇಲೆ ಉಳಿಯುವುದು ತನ್ನ ಮೇಲಿನ ನಾಚಿಕೆ ಮಾತ್ರ. ನಾಚಿಕೆಪಟ್ಟವರು ಮುಂದಿನ ಸಲ ವೈದ್ಯರ ಬಳಿಗೆ ಹೋಗುವುದನ್ನೇ ತಪ್ಪಿಸುತ್ತಾರೆ.

ಇಲ್ಲಿ ನಾನು ನನ್ನ ಕ್ಷೇತ್ರದಿಂದ ಒಂದು ವಿಷಯ ಹೇಳಬೇಕು. ನಮ್ಮ ಮದ್ರಸದ ಮಕ್ಕಳಿಗೆ ನಮಾಝ್‌ನ ಪಾಠದಲ್ಲಿ ‘ಸಹ್ವ್’ನ ಸುಜೂದನ್ನು ಕಲಿಸುತ್ತೇವೆ. ಮೂರು ರಕಅತ್ ಆಯಿತೋ ನಾಲ್ಕೋ ಎಂದು ಸಂಶಯ ಬಂದರೆ ಕಡಿಮೆಯದನ್ನು ಹಿಡಿದು ಒಂದು ರಕಅತ್ ಪೂರೈಸಬೇಕು. ಶಾಫಿಈ ಮದ್‌ಹಬ್ ಪ್ರಕಾರ ಸಲಾಮ್‌ಗೆ ಮೊದಲು ಎರಡು ಸುಜೂದ್ ಮಾಡಬೇಕು. ಅಲ್ಲಾಹನ ಮುಂದೆ ನಿಂತಾಗಲೂ ಮನುಷ್ಯ ಮರೆಯುತ್ತಾನೆ ಎಂಬುದನ್ನು ಧರ್ಮ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದೆ, ಅದಕ್ಕೊಂದು ವ್ಯವಸ್ಥೆಯನ್ನೂ ಇಟ್ಟಿದೆ. ಉಪವಾಸದಲ್ಲಿ ಮರೆತು ತಿಂದರೆ ಉಪವಾಸ ಮುರಿಯುವುದಿಲ್ಲ. ಮರೆತ ನಮಾಝನ್ನು ನೆನಪಾದಾಗ ನಿರ್ವಹಿಸಬೇಕು.

ಪ್ರವಾದಿ(ಸ)ರವರೇ ಒಮ್ಮೆ ನಾಲ್ಕು ರಕಅತ್‌ನ ನಮಾಝನ್ನು ಎರಡಕ್ಕೇ ಮುಗಿಸಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಇಡೀ ಸಭೆ ಸುಮ್ಮನಿದ್ದಾಗ ದುಲ್ ಯದೈನ್ ಎಂದು ಕರೆಯಲ್ಪಡುತ್ತಿದ್ದ ಸಹಾಬಿಯೊಬ್ಬರು ಎದ್ದು, ನಮಾಝ್ ಕಡಿಮೆಯಾಯಿತೋ ತಾವು ಮರೆತಿರೋ ಎಂದು ವಿನಯದಿಂದ ವಿಚಾರಿಸಿದರು. ಪ್ರವಾದಿ(ಸ)ರವರು ಇತರರಲ್ಲಿ ಕೇಳಿ ಖಚಿತಪಡಿಸಿಕೊಂಡು, ಉಳಿದುದನ್ನು ಪೂರೈಸಿ, ಸುಜೂದ್ ಮಾಡಿದರು. ನೆನಪಿಸಿದವರು ಒಂದು ಪ್ರಶ್ನೆ ಕೇಳಿದರು, ಅಷ್ಟೆ. ನಮ್ಮ ಮನೆಗಳಲ್ಲಿ ನೆನಪಿಸುವ ಧಾಟಿ ಬೇರೆ. “ನಿಮಗೆ ಹೆಂಡತಿ ಮಕ್ಕಳ ಚಿಂತೆ ಇದ್ದರೆ ತಾನೇ?”, “ಈಮಾನ್ ಇದ್ದವನಿಗೆ ಇಷ್ಟು ಮರೆವು ಇರುತ್ತದೆಯೇ?” ಸಹೋದರಿಯರೇ, ಈ ಮಾತಿನಿಂದ ಒಂದು ಮಾತ್ರೆಯೂ ಹೊಟ್ಟೆಗೆ ಇಳಿದದ್ದನ್ನು ನಾನು ಕೇಳಿಲ್ಲ. ಇನ್ನು ಜಿನ್ನ್ ಬಾಧೆ, ಕಣ್ಣು ತಾಗಿದೆ ಎಂದು ನೂಲು ಕಟ್ಟಿಸಲು ಓಡಾಡುವವರಿಗೆ ಹೇಳುವುದಿಷ್ಟೇ: ದುಆ ಮಾಡಿ, ಮಾಡಿಸಿ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ಅದೇ ಪ್ರವಾದಿ(ಸ).

ಹಾಗಾದರೆ ಏನು ಮಾಡಬೇಕು? ನೆನಪನ್ನು ತಲೆಯಿಂದ ಹೊರಗೆ ತಂದು ಗೋಡೆಯ ಮೇಲೆ, ಮೇಜಿನ ಮೇಲೆ, ಗಡಿಯಾರದ ಪಕ್ಕದಲ್ಲಿ ಇಡಬೇಕು. ಬಂದರ್, ಕುದ್ರೋಳಿ, ಉಳ್ಳಾಲದಲ್ಲಿ ವಾಸಿಸುವವರಿಗೆ ದಿನಕ್ಕೆ ಐದು ಸಲ ಹೊರಗಿನಿಂದಲೇ ಬರುವ ಕರೆಯೊಂದಿದೆ. ಅದನ್ನು ಬಳಸಿಕೊಳ್ಳಿ. ಕೊಲೆಸ್ಟರಾಲ್‌ಗೆ ಹೆಚ್ಚಾಗಿ ಬರೆಯುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮಾತ್ರೆಗಳನ್ನು ರಾತ್ರಿಯೇ ತಿನ್ನಬೇಕೆಂಬ ಕಡ್ಡಾಯವಿಲ್ಲ. ದಿನದ ಯಾವುದಾದರೂ ಒಂದು ಹೊತ್ತಿನಲ್ಲಿ ತಪ್ಪದೆ ತಿಂದರೆ ಸಾಕು. ಹಳೆಯ ಸಿಂವಾಸ್ಟಾಟಿನ್ ಮಾತ್ರ ರಾತ್ರಿಯದು. ಇದು ಎಡಿಎಚ್‌ಡಿ ಇರುವವರಿಗೆ ದೊಡ್ಡ ಅನುಕೂಲ. ನಿಮ್ಮ ವೈದ್ಯರಲ್ಲಿ ಕೇಳಿಕೊಂಡು, ನೀವು ಯಾವ ನಮಾಝನ್ನು ಎಂದಿಗೂ ತಪ್ಪಿಸುವುದಿಲ್ಲವೋ ಅದಕ್ಕೆ ಮಾತ್ರೆಯನ್ನು ಕಟ್ಟಿ. ರಾತ್ರಿ ಹತ್ತು ಗಂಟೆಗೆ ಅಂಗಡಿ ಮುಚ್ಚಿ ಬರುವವರು ಇಶಾದ ನಂತರವೆಂದು ಇಟ್ಟುಕೊಂಡರೆ ಊಟ, ಫೋನ್, ನಿದ್ದೆಯ ನಡುವೆ ಅದು ಕಳೆದುಹೋಗುತ್ತದೆ. ಮನೆಯಲ್ಲಿ ಫಜ್ರ್‌ಗೆ ಏಳುವವರಾದರೆ ಆಗಲೇ ಒಳ್ಳೆಯದು. ವಾರದ ಏಳು ಖಾನೆಗಳ ಪ್ಲಾಸ್ಟಿಕ್ ಡಬ್ಬಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಕಪಾಟಿನೊಳಗೆ ಇಡಬೇಡಿ. ಕಾಣದ ವಸ್ತು ಇವರ ಪಾಲಿಗೆ ಇಲ್ಲದ ವಸ್ತು. ಮುಸಲ್ಲಾ ಮಡಚಿಡುವ ಜಾಗದಲ್ಲಿ, ಮಕ್ಕಳ ಕೈಗೆ ಎಟಕದಷ್ಟು ಎತ್ತರದಲ್ಲಿರಲಿ. ತಿಂದೆನೋ ಇಲ್ಲವೋ ಎಂಬ ಸಂಶಯಕ್ಕೆ ಖಾಲಿ ಖಾನೆಯೇ ಉತ್ತರ. ಒಂದು ದಿನ ತಪ್ಪಿದರೆ ಮರುದಿನ ಎರಡು ತಿನ್ನಬಾರದು, ಎಂದಿನಂತೆ ಒಂದೇ. ಮೂರು ತಿಂಗಳ ಮಾತ್ರೆಯನ್ನು ಒಮ್ಮೆಗೇ ತರಿಸಿಡಿ. ಪಟ್ಟಿ ಮುಗಿದ ದಿನವೇ ಚಿಕಿತ್ಸೆ ನಿಂತುಹೋಗುವುದು ಇವರಲ್ಲಿ ಸಾಮಾನ್ಯ. ಬೆಲೆಯ ಚಿಂತೆಯಿದ್ದರೆ ಜನೌಷಧಿ ಕೇಂದ್ರಗಳಲ್ಲಿ ಇದೇ ಮಾತ್ರೆ ಬಹಳ ಅಗ್ಗ.

ಸ್ಟ್ಯಾಟಿನ್ ಎಂದು ಕರೆಯುವ ಈ ವರ್ಗದ ಔಷಧಿಯ ಮೂಲ ಬೂಷ್ಟು. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಜಾಲಾಡಿ 1973ರಲ್ಲಿ ಮೊದಲನೆಯದನ್ನು ಕಂಡುಹಿಡಿದರು. ಅವರು ತೀರಿಕೊಂಡದ್ದು 2024ರಲ್ಲಿ. ಮಾತ್ರೆ ಎಲ್‌ಡಿಎಲ್ ಅನ್ನು ಮೂರನೇ ಒಂದು ಪಾಲಿನಿಂದ ಅರ್ಧದಷ್ಟು ಇಳಿಸಬಲ್ಲದು. ಆದರೆ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಹಳೆಯ ಅಂಕಿಗೆ ಮರಳುತ್ತದೆ. ಮೈಕೈ ನೋವು ಬಂದರೆ ನೀವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಿ, ಬೇರೆ ಮಾತ್ರೆ, ಬೇರೆ ಪ್ರಮಾಣ ಇದೆ. ಕಾಳುಜೀರಿಗೆ, ಬೆಳ್ಳುಳ್ಳಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಮಾತ್ರೆಯ ಜಾಗದಲ್ಲಿ ಅದನ್ನು ಕೂರಿಸಬೇಡಿ.

ಸಹೋದರಿಯ ಎರಡನೇ ಪ್ರಶ್ನೆಗೆ ಬರೋಣ. ಎಡಿಎಚ್‌ಡಿಗೆ ನಮ್ಮಲ್ಲಿ ಮುಖ್ಯವಾಗಿ ಬಳಸುವುದು ಮೀಥೈಲ್‌ಫೆನಿಡೇಟ್ ಮತ್ತು ಅಟೊಮೊಕ್ಸೆಟಿನ್. ಇವು ಕೊಲೆಸ್ಟರಾಲ್ ಮಾತ್ರೆಯೊಂದಿಗೆ ಜಗಳವಾಡುವ ಔಷಧಿಗಳಲ್ಲ. ಕೊಲೆಸ್ಟರಾಲ್ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಎಡಿಎಚ್‌ಡಿ ಚಿಕಿತ್ಸೆ ನಿಷಿದ್ಧವೂ ಅಲ್ಲ. ಆದರೆ ಎರಡೂ ನಾಡಿಬಡಿತವನ್ನು ಮತ್ತು ರಕ್ತದೊತ್ತಡವನ್ನು ಸ್ವಲ್ಪ ಏರಿಸುತ್ತವೆ. ಹೆಚ್ಚಿನವರಲ್ಲಿ ಅದು ಅಲ್ಪ. ಈಗಾಗಲೇ ಕೊಬ್ಬು ಕೂತಿರಬಹುದಾದ ರಕ್ತನಾಳವಿರುವವರಲ್ಲಿ ‘ಅಲ್ಪ’ ಎಷ್ಟು ಎಂಬುದನ್ನು ಅಳೆದು ನೋಡಲೇಬೇಕು. ಆದ್ದರಿಂದ ಔಷಧಿ ಆರಂಭಿಸುವ ಮೊದಲು ಮತ್ತು ಪ್ರಮಾಣ ಬದಲಾಯಿಸಿದಾಗಲೆಲ್ಲ ರಕ್ತದೊತ್ತಡ, ನಾಡಿ ನೋಡಿಸಬೇಕು. ತಂದೆ ಐವತ್ತೆರಡಕ್ಕೆ ಹೋದ ಸಂಗತಿಯನ್ನು ಮನೋವೈದ್ಯರಿಗೆ ಕೇಳುವ ಮೊದಲೇ ಹೇಳಬೇಕು. ಅವರು ಇಸಿಜಿ ಮಾಡಿಸಬಹುದು, ಹೃದ್ರೋಗ ತಜ್ಞರ ಅಭಿಪ್ರಾಯ ಕೇಳಬಹುದು. ನಡೆಯುವಾಗ ಎದೆನೋವು, ತಲೆತಿರುಗಿ ಬೀಳುವುದು, ಎದೆಬಡಿತ ತಪ್ಪುವುದು ಕಂಡರೆ ಕಾಯಬೇಡಿ. ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಸರಕಾರಿ ವೆನ್‌ಲಾಕ್‌ನಿಂದ ಹಿಡಿದು ಕಂಕನಾಡಿಯ ಫಾದರ್ ಮುಲ್ಲರ್‌ವರೆಗೆ ಇದೆ. ಬರವಿರುವುದು ಒಬ್ಬ ವೈದ್ಯರ ಚೀಟಿ ಇನ್ನೊಬ್ಬರಿಗೆ ತಲುಪುವುದಕ್ಕೆ. ಹೃದಯದ ವೈದ್ಯರು ಒಂದು ಕಡೆ, ಮನೋವೈದ್ಯರು ಮತ್ತೊಂದು ಕಡೆ, ರೋಗಿಗೆ ಚೀಟಿ ಎಲ್ಲಿಟ್ಟೆನೆಂದು ನೆನಪಿಲ್ಲ. ಎಲ್ಲ ಚೀಟಿಗಳ ಫೋಟೋ ಪತ್ನಿಯ ಮೊಬೈಲಿನಲ್ಲಿರಲಿ. ಮನೋವೈದ್ಯರಿಗೆ ತೋರಿಸಲು ಸಂಕೋಚಪಡುವವರು ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಕರೆ ಉಚಿತ.

ಅಟೊಮೊಕ್ಸೆಟಿನ್ ಕ್ಯಾಪ್ಸೂಲ್ ರೂಪದಲ್ಲಿ ಬರುತ್ತದೆ. ಅದರ ಜೆಲಟಿನ್ ಬಗ್ಗೆ ಸಂಶಯವಿದ್ದರೆ ನಿಮ್ಮ ಉಸ್ತಾದರಲ್ಲಿಯೂ ವೈದ್ಯರಲ್ಲಿಯೂ ಕೇಳಿ. ಸಂಶಯದ ಹೆಸರಿನಲ್ಲಿ ನೀವೇ ನಿಲ್ಲಿಸಬೇಡಿ. ಮೀಥೈಲ್‌ಫೆನಿಡೇಟ್ ನಿಯಂತ್ರಿತ ಔಷಧಿ. ಯುಎಇಗೆ ಕೊಂಡೊಯ್ಯುವುದಾದರೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಉಮ್ರಾಕ್ಕೆ, ಗಲ್ಫ್‌ನ ಯಾವುದೇ ದೇಶಕ್ಕೆ ಹೋಗುವವರೂ ಅಲ್ಲಿನ ನಿಯಮ ವಿಚಾರಿಸದೆ ಪೆಟ್ಟಿಗೆಗೆ ಹಾಕಬೇಡಿ.

ಅಡುಗೆಮನೆಯ ವಿಷಯಕ್ಕೆ ಬಂದರೆ ನಮ್ಮ ಬ್ಯಾರಿ ಮನೆಗಳ ಕೈ ಸ್ವಲ್ಪ ಉದಾರ. ನೈಚೋರು, ತೆಂಗಿನಹಾಲಿನ ಸಾರು, ಹೊರಗೆ ಹೋದರೆ ಕೋಳಿ ಘೀ ರೋಸ್ಟ್. ತೆಂಗಿನೆಣ್ಣೆಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು, ತುಪ್ಪದಲ್ಲಿ 60ರಷ್ಟು, ತಾಳೆಎಣ್ಣೆಯಲ್ಲಿ ಅರ್ಧದಷ್ಟು ಪರ್ಯಾಪ್ತ ಕೊಬ್ಬು. ಎಲ್‌ಡಿಎಲ್ ಏರಿಸುವುದು ಮುಖ್ಯವಾಗಿ ಇದೇ. ತೆಂಗಿನೆಣ್ಣೆ ನಮ್ಮ ಊರಿನದು, ಅಜ್ಜಂದಿರು ತಿಂದದ್ದು ಎಂಬ ವಾದ ನನಗೂ ಗೊತ್ತು. ಅಜ್ಜಂದಿರು ದಕ್ಕೆಗೆ ನಡೆದು ಹೋಗಿ ನಡೆದು ಬರುತ್ತಿದ್ದರು, ತುಪ್ಪದನ್ನ ವರ್ಷಕ್ಕೆ ನಾಲ್ಕು ಸಲ ಕಾಣುತ್ತಿದ್ದರು. ವನಸ್ಪತಿಯಲ್ಲಿರುವ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಸರಕಾರ ನೂರಕ್ಕೆ ಎರಡರ ಮಿತಿ ಹಾಕಿದೆ. ಆದರೆ ಸಂಜೆಯ ಸಮೋಸ ಕರಿಯುವ ಎಣ್ಣೆ ಎಷ್ಟನೇ ಸಲ ಕಾದದ್ದು ಎಂದು ಯಾರೂ ಹೇಳಲಾರರು.

ನಮ್ಮ ಭಾಗ್ಯಕ್ಕೆ ಭೂತಾಯಿ, ಬಂಗುಡೆ ಇದೆ. ಹೃದಯಕ್ಕೆ ಒಳ್ಳೆಯದೆನ್ನುವ ಒಮೇಗಾ-3 ಕೊಬ್ಬು ಈ ಮೀನುಗಳಲ್ಲಿ ಧಾರಾಳ. ಎಡಿಎಚ್‌ಡಿಗೂ ಅದು ಸಹಾಯಕವೆಂದು ಹೇಳುವವರಿದ್ದಾರೆ. ಪ್ರಯೋಜನ ಇದ್ದರೂ ಬಹಳ ಸಣ್ಣದು, ಔಷಧಿಗೆ ಬದಲಿಯಲ್ಲ. ಮೀನನ್ನು ಪುಳಿಮುಂಚಿ ಮಾಡಿದರೆ ಲಾಭ, ಎಣ್ಣೆಯಲ್ಲಿ ಮುಳುಗಿಸಿ ಹುರಿದರೆ ಲಾಭಕ್ಕಿಂತ ಎಣ್ಣೆಯೇ ಹೆಚ್ಚು. ಹುರುಳಿ, ಅಲಸಂಡೆ, ಬೇಳೆ, ಓಟ್ಸ್‌ಗಳ ನಾರಿನಂಶವೂ ಎಲ್‌ಡಿಎಲ್ ಇಳಿಸಲು ಸಹಕಾರಿ.

ಇದೆಲ್ಲ ಎಲ್ಲ ಕೊಲೆಸ್ಟರಾಲ್ ರೋಗಿಗಳಿಗೂ ಹೇಳುವ ಮಾತು. ಎಡಿಎಚ್‌ಡಿ ಇರುವವರಿಗೆ ಪಥ್ಯದ ಪಟ್ಟಿಯೇ ಭಾರ. ದುಡುಕಿ ತಿನ್ನುವುದು, ಬೇಸರಕ್ಕೆ ತಿನ್ನುವುದು ಆ ತೊಂದರೆಯದೇ ಒಂದು ಮುಖ. ಔಷಧಿ ಆರಂಭವಾದ ಮೇಲೆ ಇನ್ನೊಂದು ಸೇರಿಕೊಳ್ಳುತ್ತದೆ. ಮೀಥೈಲ್‌ಫೆನಿಡೇಟ್ ಹಗಲು ಹಸಿವನ್ನು ಅಡಗಿಸುತ್ತದೆ. ಮಧ್ಯಾಹ್ನ ಊಟವೇ ಬೇಡ. ಅದರ ಪ್ರಭಾವ ಇಳಿದ ಮೇಲೆ ರಾತ್ರಿ ಒಂಬತ್ತಕ್ಕೆ ಹಸಿವು ಒಟ್ಟಿಗೆ ಬಂದು, ದಾರಿಯಲ್ಲಿ ಶವರ್ಮ, ಮನೆಯಲ್ಲಿ ಮತ್ತೊಂದು ಊಟ. ಇಂಥವರಿಗೆ ಉಪದೇಶಕ್ಕಿಂತ ಮನೆಯ ವ್ಯವಸ್ಥೆ ಕೆಲಸ ಮಾಡುತ್ತದೆ. ಬೆಳಗ್ಗೆ ಮಾತ್ರೆಗೆ ಮೊದಲೇ ಹೊಟ್ಟೆ ತುಂಬ ತಿಂಡಿ. ಹಸಿವಿಲ್ಲದಿದ್ದರೂ ಮಧ್ಯಾಹ್ನ ಡಬ್ಬಿ. ಮೇಜಿನ ಮೇಲೆ ಮಿಕ್ಸ್ಚರ್ ಭರಣಿಯ ಬದಲು ಬಾಳೆಹಣ್ಣು, ನೆಲಗಡಲೆ. ತಿಂಗಳ ಎಣ್ಣೆಯನ್ನು ಒಂದನೇ ತಾರೀಕಿಗೆ ಅಳೆದು ಬಾಟಲಿಗೆ ತುಂಬಿಸಿ, ಅದು ಮುಗಿದರೆ ಮುಗಿಯಿತು. ಇಡೀ ಮನೆಗೂ ಒಂದೇ ಅಡುಗೆ ಇರಲಿ. ಒಬ್ಬರಿಗೆ ಮಾತ್ರ ಬೇಯಿಸಿದ ತರಕಾರಿ ಇಟ್ಟು ಉಳಿದವರು ಬಿರಿಯಾನಿ ತಿಂದರೆ ಆ ಪಥ್ಯ ಶುಕ್ರವಾರದವರೆಗೂ ಬಾಳದು.

ನಡಿಗೆ ಎರಡಕ್ಕೂ ಔಷಧಿ. ಬಿರುಸಿನ ನಡಿಗೆಯ ನಂತರ ಸ್ವಲ್ಪ ಹೊತ್ತು ಗಮನ ಚೆನ್ನಾಗಿ ನಿಲ್ಲುತ್ತದೆ, ರಕ್ತದ ಟ್ರೈಗ್ಲಿಸರೈಡ್ ಇಳಿಯುತ್ತದೆ. ವಾರಕ್ಕೆ ನೂರೈವತ್ತು ನಿಮಿಷ ಎನ್ನುತ್ತಾರೆ. ಒಬ್ಬರೇ ನಡೆಯುವ ನಿರ್ಧಾರ ಮೂರನೇ ದಿನಕ್ಕೆ ಮುರಿಯುತ್ತದೆ. ಫಜ್ರ್‌ಗೆ ಮಸೀದಿಗೆ ಬೈಕ್ ಬಿಟ್ಟು, ನೆರೆಮನೆಯವರೊಂದಿಗೆ ನಡೆದು ಹೋಗುವವರನ್ನು ಎಳೆದುಕೊಂಡು ಹೋಗಲು ಜೊತೆಗಾರರಿರುತ್ತಾರೆ. ಸಿಗರೇಟ್ ಸೇದುವವರಾದರೆ ಅದನ್ನು ಬಿಡದೆ ಉಳಿದ ಯಾವುದನ್ನು ಮಾಡಿದರೂ ಅರ್ಧವೇ.

ಮಹಿಳೆಯರ ಬಗ್ಗೆ ಒಂದು ಮಾತು. ಹೆಣ್ಣುಮಕ್ಕಳಲ್ಲಿ ಎಡಿಎಚ್‌ಡಿ ಅನೇಕ ಸಲ ಓಡಾಟವಾಗಿ ಕಾಣದೆ ಕನಸುಗಣ್ಣಾಗಿ ಕಾಣುತ್ತದೆ. ಹಾಲು ಉಕ್ಕಿಸುವ, ಮದುವೆ ಮನೆಗೆ ತಡವಾಗಿ ಹೋಗುವ, ‘ಗಮನವಿಲ್ಲದವಳು’ ಎಂದು ಅತ್ತೆಯಿಂದ ಕೇಳಿಸಿಕೊಳ್ಳುವ ಸೊಸೆಯನ್ನು ಯಾರೂ ವೈದ್ಯರಲ್ಲಿಗೆ ಕರೆದೊಯ್ಯುವುದಿಲ್ಲ. ಅವಳ ಕೊಲೆಸ್ಟರಾಲ್ ಅನ್ನೂ ಯಾರೂ ನೋಡಿಸುವುದಿಲ್ಲ. ಕೊಲೆಸ್ಟರಾಲ್ ಮಾತ್ರೆ ತಿನ್ನುತ್ತಿರುವವರು ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು. ಸಾಮಾನ್ಯವಾಗಿ ಆಗ ಅದನ್ನು ನಿಲ್ಲಿಸುತ್ತಾರೆ.

ರಕ್ತಪರೀಕ್ಷೆಯ ಬಗ್ಗೆಯೂ ಒಂದು ಸಮಾಧಾನದ ಸುದ್ದಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ಇವರು ಚಹಾ ಕುಡಿದು ಹೋಗಿ ಮರಳುತ್ತಾರೆ, ಪರೀಕ್ಷೆ ಮುಂದಿನ ತಿಂಗಳಿಗೆ ಹೋಗುತ್ತದೆ. ಕಾರ್ಡಿಯೋಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಖಾಲಿ ಹೊಟ್ಟೆಯಿಲ್ಲದೆಯೂ ಕೊಲೆಸ್ಟರಾಲ್ ಪರೀಕ್ಷೆ ಮಾಡಬಹುದು. ಟ್ರೈಗ್ಲಿಸರೈಡ್ ಬಹಳ ಹೆಚ್ಚು ಬಂದರೆ ಮಾತ್ರ ಉಪವಾಸವಿದ್ದು ಮತ್ತೊಮ್ಮೆ ನೋಡುತ್ತಾರೆ. ಸಾಮಾನ್ಯರಿಗೆ ಎಲ್‌ಡಿಎಲ್ 100ಕ್ಕಿಂತ ಕೆಳಗೆ, ಅಪಾಯ ಹೆಚ್ಚಿರುವವರಿಗೆ 70ಕ್ಕಿಂತ ಕೆಳಗೆ ಇರಬೇಕು. ಮೊದಲ ಪರೀಕ್ಷೆ ಹದಿನೆಂಟನೇ ವಯಸ್ಸಿಗೆ. ಅಜ್ಜ, ತಂದೆ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದ ಮನೆಗಳಲ್ಲಿ ಅದಕ್ಕೂ ಮೊದಲೇ. ಆದ್ದರಿಂದ ಎಡಿಎಚ್‌ಡಿ ಬಂದ ದಾರಿಯಲ್ಲೇ ಕೊಲೆಸ್ಟರಾಲೂ ಬಂದಿದೆಯೇ ಎಂದು ಮಗನನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.

ರಮಝಾನ್ ಬಂದಾಗ ಈ ಎಲ್ಲ ಏರ್ಪಾಡು ತಲೆಕೆಳಗಾಗುತ್ತದೆ. ನಿದ್ದೆ ಒಡೆಯುತ್ತದೆ, ಇಫ್ತಾರ್‌ನ ಕರಿದ ತಿಂಡಿಗಳು ಬರುತ್ತವೆ, ಮಾತ್ರೆಯ ಹೊತ್ತು ಬದಲಾಗುತ್ತದೆ. ಕೊಲೆಸ್ಟರಾಲ್ ಮಾತ್ರೆಯನ್ನು ಸಹರಿಗೋ ಇಫ್ತಾರ್‌ಗೋ ಸರಿಸುವುದು ಸುಲಭ. ಎಡಿಎಚ್‌ಡಿಯದು ಅಷ್ಟು ಸುಲಭವಲ್ಲ. ಕೆಲವು ಗಂಟೆಯಷ್ಟೇ ಕೆಲಸ ಮಾಡುವ ಮಾತ್ರೆಯನ್ನು ಹಗಲು ತಿನ್ನಲಾಗದು, ಇಫ್ತಾರ್‌ಗೆ ತಿಂದರೆ ರಾತ್ರಿ ನಿದ್ದೆ ಬಾರದು. ಸಹರಿಗೆ ತಿಂದರೆ ದಿನದ ಬಹುಪಾಲು ಕೆಲಸ ಮಾಡುವ ದೀರ್ಘಾವಧಿಯ ರೂಪವಿದೆ. ಅದು ತಮಗೆ ಹೊಂದುತ್ತದೆಯೇ ಎಂದು ವೈದ್ಯರೇ ಹೇಳಬೇಕು. ಉಪವಾಸ ಹಾನಿಕರ ಎಂದು ಅವರು ಹೇಳಿದರೆ ಅಲ್ ಬಕರ ಅಧ್ಯಾಯದಲ್ಲಿ ರೋಗಿಗೆ ಕೊಟ್ಟ ರಿಯಾಯಿತಿ ಇದೆ, ಅದನ್ನು ಬಳಸಲು ನಾಚಬೇಕಿಲ್ಲ. ಈ ಮಾತುಕತೆಗೆ ರಮಝಾನ್‌ನ ಮೊದಲ ವಾರ ತಡವಾಯಿತು. ಶಅಬಾನ್ ತಿಂಗಳಲ್ಲೇ ವೈದ್ಯರ ಭೇಟಿಯ ದಿನ ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ, ಹಿಂದಿನ ದಿನ ರಾತ್ರಿ ಚೀಟಿಗಳನ್ನೆಲ್ಲ ಬೈಕಿನ ಕೀಲಿಯ ಪಕ್ಕದಲ್ಲಿಟ್ಟು ಮಲಗಿ.